ತಿರ್ಲಾಪುರದ ಹತ್ತರ ನಾಣ್ಯ

ಹೋದ ಹತ್ತಿ ಸುಗ್ಗಿಯಲ್ಲಿ ಏಳು ವಾರ ನಾನು ತಿರ್ಲಾಪುರದ ಬಸ್ ನಿಲ್ದಾಣದ ಬಾಜೂ ಇರುವ ಒಂದು ಚಹಾದಂಗಡಿಗೆ ಹೋಗಿಬರುತ್ತಿದ್ದೆ. ಆ ಅಂಗಡಿ ನಡೆಸುವ ಹೆಣ್ಣುಮಗಳಿಗೆ ಎರಡು ವರ್ಷದ ಹಿಂದೆ ಕಣ್ಣಿನ ಒತ್ತಡ ಏರಿ ನೋಟ ಪೂರ್ತಿ ಹೋಗಿತ್ತು. ನೋಟು, ನಾಣ್ಯಗಳನ್ನು ಮುಟ್ಟಿ ಗುರುತಿಸುವುದನ್ನು ಅವಳಿಗೆ ಕಲಿಸಬೇಕಾಗಿತ್ತು. ಅದು ನನ್ನ ಕೆಲಸದ ಭಾಗ.

ನಾನು ಗ್ರಾಮ ಪಂಚಾಯತಿಯಲ್ಲಿ ಪುನರ್ವಸತಿ ಕಾರ್ಯಕರ್ತ. ನನ್ನ ಬಲಗಾಲು ಚಿಕ್ಕಂದಿನಲ್ಲೇ ಪೋಲಿಯೊದಿಂದ ಸೊರಗಿದೆ. ಅಂಗವಿಕಲರ ಪಿಂಚಣಿ ಅರ್ಜಿ, ಗುರುತಿನ ಚೀಟಿ, ಬಸ್ ಪಾಸು, ಗಾಲಿಕುರ್ಚಿ, ಇವುಗಳ ಹಿಂದೆ ತಿರುಗುವುದೇ ನಮ್ಮ ದಿನಚರಿ. ನನ್ನ ಊರು ಯಮನೂರು. ತಿರ್ಲಾಪುರದ ಜಾಗ ಖಾಲಿ ಇದ್ದುದರಿಂದ ಅದನ್ನೂ ನೋಡಿಕೊಳ್ಳಲು ಹೇಳಿದ್ದರು. ಎರಡೂ ಬದಿಗೆ ಹೆಚ್ಚಿನ ಗಾಲಿ ಹಾಕಿಸಿದ ಸ್ಕೂಟರ್ ಮೇಲೆ ಹೋಗುತ್ತಿದ್ದೆ.

ಆಗ ನನ್ನ ತಮ್ಮ ತೀರಿಕೊಂಡು ಮೂರು ತಿಂಗಳಾಗಿತ್ತು. ಅವನು ಸರಕಿನ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ. ಯಾವುದೋ ಬಂದರಿನಲ್ಲಿ ಬೆಳಿಗ್ಗೆ ಎದ್ದವನು ಎದೆ ಹಿಡಿದುಕೊಂಡು ಕುಳಿತನಂತೆ. ಹನ್ನೊಂದು ದಿನದ ಮೇಲೆ ಪೆಟ್ಟಿಗೆ ಬಂತು. ಗೋವಾದ ವಿಮಾನ ನಿಲ್ದಾಣಕ್ಕೆ ಹೋಗಿ ನಾನೇ ಸಹಿ ಮಾಡಿ ತಂದೆ. ಅದಾದ ಮೇಲೆ ನಾನು ಕೆಲಸ ಬಿಡಲಿಲ್ಲ. ಮುಂಜಾನೆ ಏಳುತ್ತಿದ್ದೆ, ಹೋಗುತ್ತಿದ್ದೆ, ಬರುತ್ತಿದ್ದೆ. ದುಃಖ ಅಂತ ಹೇಳುವಂಥದ್ದು ನನಗೆ ತಿಳಿಯುತ್ತಿರಲಿಲ್ಲ. ಊಟದ ರುಚಿಯೂ ತಿಳಿಯುತ್ತಿರಲಿಲ್ಲ. ಹಾಗಾಗಿ ಕೆಲಸವನ್ನಷ್ಟೇ ಬರೆಯುತ್ತೇನೆ.

ಮೊದಲ ದಿನ ಅಂಗಡಿಯಲ್ಲಿ ಅತ್ತೆ ಇದ್ದಳು, ಸೊಸೆ ಇದ್ದಳು. ನಾನು ಕಲಿಸಬೇಕಾದವಳು ಸೊಸೆ, ಚಹಾ ಮಾಡುವುದೂ ಅವಳೇ. ಹಾಲು ಉಕ್ಕುವ ಸದ್ದು ಕೇಳಿ ಒಲೆ ಸಣ್ಣ ಮಾಡುತ್ತಿದ್ದಳು. ಲೋಟ ತುಂಬುವುದನ್ನು ಸುರಿಯುವ ಸದ್ದಿನಿಂದಲೇ ತಿಳಿಯುತ್ತಿದ್ದಳು. ಬಿಸ್ಕೀಟು, ಸೋಪು, ಚುರುಮರಿ ಎಲ್ಲಿ ಏನಿದೆ ಎಂದು ಅವಳ ಕೈಗೆ ಗೊತ್ತಿತ್ತು. ತೊಡಕು ಇದ್ದದ್ದು ಗಲ್ಲಾದಲ್ಲಿ. ಯಾರೋ ಇಪ್ಪತ್ತರ ನೋಟು ಕೊಟ್ಟು ಐವತ್ತು ಅಂದಿದ್ದರು. ಅಂಥದ್ದು ಮೂರ್ನಾಲ್ಕು ಸಲ ಆಗಿತ್ತು. ಹುಬ್ಬಳ್ಳಿಯಲ್ಲಿ ಕೆಲಸ ಬಿಟ್ಟು ಬಂದಿದ್ದ ಮೈದುನ ಅಂಗಡಿ ತನಗೆ ಬಿಡಿ ಎನ್ನುತ್ತಿದ್ದ. ಹಣ ಬಂದರೆ ಕೂಗಿ ಹೇಳುವ ಪೆಟ್ಟಿಗೆಯೊಂದು ಗೂಟಕ್ಕೆ ತೂಗುತ್ತಿತ್ತು, ಆದರೆ ಅದಕ್ಕೆ ಜೋಡಿಸಿದ ಬ್ಯಾಂಕ್ ಖಾತೆ ಮೈದುನನ ಹೆಸರಿನಲ್ಲಿತ್ತು. ಫೋನಿನಿಂದ ಕೊಟ್ಟ ರೊಕ್ಕ ಅವನಿಗೆ, ಕೈಯಲ್ಲಿ ಕೊಟ್ಟದ್ದು ಮಾತ್ರ ಅವಳಿಗೆ. ಗಂಡ ಟ್ರ್ಯಾಕ್ಟರ್ ಓಡಿಸುವವನು, ನಸುಕಿನಲ್ಲೇ ಹೋಗಿಬಿಡುತ್ತಿದ್ದ. ಅಂಗಡಿಯ ಮಾತು ತಾಯಿಗೆ ಬಿಟ್ಟದ್ದು ಎಂದು ಕೈ ತೊಳೆದುಕೊಂಡಿದ್ದ.

ಅತ್ತೆ ನನಗೆ ಸುತ್ತು ಬಳಸದೆ ಹೇಳಿದಳು. "ನೋಡ ತಮ್ಮಾ, ಹತ್ತಿ ಸುಗ್ಗಿ ಮುಗಿಯೂತನಾ ನೋಡ್ತೇನಿ. ಇಕಿಗೆ ರೊಕ್ಕ ಗುರ್ತು ಸಿಕ್ರ ಇಕಿ ಕುಂದರ್ಲಿ. ಸಿಗಲಿಲ್ಲಂದ್ರ ಗಲ್ಲಾ ಸಣ್ಣಾವಗ. ಇಕಿ ಒಲಿ ಮುಂದ."

ಸೊಸೆ ಲೋಟ ತೊಳೆಯುತ್ತಲೇ ಇದ್ದಳು. ಅತ್ತೆ ಹೊರಗೆ ಹೋದ ಮೇಲೆ ನನ್ನ ಕಡೆ ತಿರುಗಿ, "ಒಲಿ ಮುಂದ ಕುಂತ್ರ ಯಾರ ಬಂದ್ರು ಯಾರ ಹೋದ್ರು ತಿಳಿಯಂಗಿಲ್ರಿ ಅಣ್ಣಾರ. ಗಲ್ಲಾದಾಗ ಕುಂತ್ರ ಎಲ್ಲಾರೂ ನನ್ನ ಮುಂದ ಬಂದ ಹೋಗಬೇಕು" ಎಂದಳು.

ತಾಲೂಕು ಕಚೇರಿಯಿಂದ ಕಲಿಕೆಯ ಸಾಮಗ್ರಿ ಅಂತ ಒಂದು ಚೀಲ ಕೊಟ್ಟಿದ್ದರು. ಅದರಲ್ಲಿ ಎಲ್ಲ ನೋಟುಗಳ ಚಿತ್ರ ಅಚ್ಚು ಹಾಕಿ, ಹಾಳಾಗದಿರಲೆಂದು ಮೇಲೆ ಪ್ಲಾಸ್ಟಿಕ್ ಹೊದಿಸಿದ ಕಾರ್ಡುಗಳು ಇದ್ದವು. ನೋಡಲು ಅಂದವಾಗಿರಲೆಂದು ಆರೂ ಕಾರ್ಡುಗಳನ್ನು ಒಂದೇ ಅಳತೆಗೆ ಕತ್ತರಿಸಿದ್ದರು. ಕಣ್ಣು ಕಾಣದವರ ಕೈಗೆ ಕೊಡಲು ಆರು ನುಣುಪಾದ, ಒಂದೇ ಅಳತೆಯ ಕಾರ್ಡು. ನನ್ನ ಮೇಲಿನವರಿಗೆ ಫೋನ್ ಮಾಡಿ ಹೇಳಿದೆ. ಕೈಗೆ ಕೊಟ್ಟು ಒಂದು ಫೋಟೋ ತೆಗೆದು ಗ್ರೂಪಿಗೆ ಹಾಕಿ, ಆಮೇಲೆ ನಿಮಗೆ ತಿಳಿದ ಹಾಗೆ ಕಲಿಸಿ ಎಂದರು. ಫೋಟೋ ತೆಗೆದೆ.

ಮರುದಿನ ನವಲಗುಂದದ ಬ್ಯಾಂಕಿನಿಂದ ಪ್ರತಿಯೊಂದರಲ್ಲಿ ಎರಡೆರಡು ಹೊಸ ನೋಟು ತಂದೆ. ಹೊಸ ನೋಟುಗಳಲ್ಲಿ ಅಳತೆಯ ವ್ಯತ್ಯಾಸವಿದೆ. ಹತ್ತರದು ಎಲ್ಲಕ್ಕಿಂತ ಗಿಡ್ಡ. ಅಲ್ಲಿಂದ ಒಂದೊಂದೂ ನಾಲ್ಕರಿಂದ ಏಳು ಮಿಲಿಮೀಟರು ಉದ್ದ ಆಗುತ್ತ ಹೋಗುತ್ತದೆ. ಐವತ್ತರಿಂದ ಮೇಲೆ ಅಗಲವೂ ಮೂರು ಮಿಲಿಮೀಟರು ಹೆಚ್ಚು. ಅವಳ ಎಡಗೈ ಅಂಗೈಯ ಮೇಲೆ, ಮಣಿಕಟ್ಟಿನ ಗೆರೆಗೆ ಒಂದು ಅಂಚು ಹಚ್ಚಿ ನೋಟು ಚಾಚಿದರೆ ಹತ್ತರದು ನಡುಬೆರಳಿನ ನಡುಗೆಣ್ಣಿಗೆ ಬರುತ್ತಿತ್ತು. ಐದುನೂರರದು ತುದಿಯ ಗೆಣ್ಣನ್ನು ಸ್ವಲ್ಪ ದಾಟುತ್ತಿತ್ತು. ನಡುವಿನವು ನಡುವೆ. ನೂರು, ಇನ್ನೂರು, ಐದುನೂರಕ್ಕೆ ಅಂಚಿನಲ್ಲಿ ಉಬ್ಬು ಗೆರೆಗಳಿವೆ. ನೂರಕ್ಕೆ ನಾಲ್ಕು ಗೆರೆ, ಇನ್ನೂರಕ್ಕೆ ನಾಲ್ಕು ಗೆರೆಯ ನಡುವೆ ಎರಡು ಸುತ್ತು, ಐದುನೂರಕ್ಕೆ ಐದು ಗೆರೆ. ಹತ್ತು, ಇಪ್ಪತ್ತು, ಐವತ್ತಕ್ಕೆ ಅಂಥದ್ದೇನೂ ಇಲ್ಲ, ಅಳತೆಯೇ ಗತಿ.

ದಿನಾ ಮಧ್ಯಾಹ್ನ ಅಂಗಡಿ ಖಾಲಿ ಇರುವ ಹೊತ್ತಿಗೆ ಒಂದು ತಾಸು ಕೂಡುತ್ತಿದ್ದೆವು. ಮೊದಲು ಎರಡು ನೋಟು, ಆಮೇಲೆ ಮೂರು, ಹೀಗೆ. ಎಂಟು ದಿನದಲ್ಲಿ ಹನ್ನೆರಡೂ ನೋಟುಗಳನ್ನು ಕಲೆಸಿ ಕೊಟ್ಟರೂ ತಪ್ಪದೆ ಹೇಳಿದಳು. ವಹಿಯಲ್ಲಿ ಪ್ರಗತಿ ಉತ್ತಮ ಎಂದು ಬರೆದೆ.

ಒಂಬತ್ತನೆಯ ದಿನ ನಾನು ಬೆಳಿಗ್ಗೆ ಏಳೂವರೆಗೆ ಹೋದೆ. ಹತ್ತಿ ಬಿಡಿಸುವ ಹೆಣ್ಣಾಳುಗಳು ಟೆಂಪೋ ಹತ್ತುವ ಮುಂಚೆ ಅಲ್ಲಿ ಚಹಾ ಕುಡಿಯುತ್ತಾರೆ. ನಲವತ್ತು ಜನ, ಇಪ್ಪತ್ತು ನಿಮಿಷ. ಚಾಲಕ ಹಾರ್ನ್ ಹೊಡೆಯುತ್ತಲೇ ಇರುತ್ತಾನೆ. ನಾನು ಕಲಿಸಿದ್ದು ಯಾವುದೂ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಆ ಹೆಂಗಸರು ನೋಟನ್ನು ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆ ಸಂಚಿಯಲ್ಲಿಟ್ಟು ಸೊಂಟಕ್ಕೆ ಸಿಗಿಸಿರುತ್ತಾರೆ. ಬೆವರು, ಸುಣ್ಣ ತಾಗಿ ಅದು ಹಳೆಯ ಬಟ್ಟೆಯಂತೆ ಆಗಿರುತ್ತದೆ. ಉಬ್ಬು ಗೆರೆ ಎಂದೋ ಅಳಿಸಿರುತ್ತದೆ. ಅಂಚು ಹರಿದಿರುತ್ತದೆ, ಟೇಪು ಹಚ್ಚಿರುತ್ತದೆ. ಇದಕ್ಕಿಂತ ಹೆಚ್ಚಾಗಿ ನಾನು ಒಂದು ವಿಷಯ ಮರೆತಿದ್ದೆ. ಹಳೆಯ ನಮೂನೆಯ ಹತ್ತರ ನೋಟು ಇನ್ನೂ ಓಡಾಡುತ್ತಿದೆ. ಅದರ ಉದ್ದಕ್ಕೂ ಹೊಸ ಐವತ್ತರ ಉದ್ದಕ್ಕೂ ಎರಡೇ ಮಿಲಿಮೀಟರು ಫರಕು.

ಒಬ್ಬ ಮುದುಕಿ ಕೊಟ್ಟ ಹಳೆಯ ಹತ್ತನ್ನು ಅವಳು ಅಂಗೈಗೆ ಹಚ್ಚಿ ಅಳೆದು, ಐವತ್ತು ಎಂದು ತಿಳಿದು, ಒಂದು ಚಹಾದ ಹತ್ತು ರೂಪಾಯಿ ಮುರಿದು ನಲವತ್ತು ತಿರುಗಿ ಕೊಟ್ಟಳು. ಆ ಮುದುಕಿ ಕೈಯಲ್ಲಿನ ರೊಕ್ಕ ನೋಡಿ, "ಯವ್ವಾ, ನನ್ನ ಸಾವಕಾರ್ತಿ ಮಾಡಾಕ ನಿಂತೀಯೇನ? ಚಾ ಕುಡದ ಮ್ಯಾಲ ನಾನ ಹೊಲಾ ತಗೋಳಾಕ ಹೋಗಲೇನ?" ಎಂದು ನಲವತ್ತನ್ನೂ ಹಲಗೆಯ ಮೇಲೆ ಇಟ್ಟಳು. ಹೆಂಗಸರೆಲ್ಲ ನಕ್ಕರು. ಸೊಸೆಯೂ ನಕ್ಕಳು. ಮುದುಕಿ ತಿರುಗಿ ಕೊಟ್ಟದ್ದರಿಂದ ಅದು ಗೊತ್ತಾಯಿತು. ತಿರುಗಿ ಕೊಡದವರು ಎಷ್ಟು ಜನ ಎಂಬುದು ಗೊತ್ತಾಗಲಿಲ್ಲ. ಅತ್ತೆ ಒಲೆಯ ಹತ್ತಿರ ಬೆನ್ನು ಮಾಡಿ ನಿಂತಿದ್ದಳು, ತಿರುಗಿ ನೋಡಲಿಲ್ಲ.

ನೋಟಿನ ಮುಂದೆ ಹಿಡಿದರೆ ಎಷ್ಟರದೆಂದು ಹೇಳುವ ಆ್ಯಪ್ ಒಂದನ್ನು ಅವಳ ಫೋನಿಗೆ ಹಾಕಿಕೊಟ್ಟೆ. ಮಧ್ಯಾಹ್ನ ಬಿಸಿಲಿನಲ್ಲಿ ಸರಿಯಾಗಿ ಹೇಳಿತು. ಬೆಳಗಿನ ಗದ್ದಲದಲ್ಲಿ, ತಗಡಿನ ಕೆಳಗಿನ ಮಬ್ಬಿನಲ್ಲಿ, ಮಡಿಸಿದ ನೋಟು ಬಿಚ್ಚಿ, ಒಂದು ಕೈಯಲ್ಲಿ ಫೋನು ಹಿಡಿದು, ಅದು ಹೇಳುವವರೆಗೆ ಕಾಯುವುದರೊಳಗೆ ಇಬ್ಬರು ಚಹಾ ಕುಡಿದು ಟೆಂಪೋ ಹತ್ತಿರುತ್ತಿದ್ದರು. ಮೂರು ದಿನಕ್ಕೆ ಅದನ್ನು ಬಿಟ್ಟೆವು.

ಅವಳ ಧೈರ್ಯ ಹೋಯಿತು. ಮಧ್ಯಾಹ್ನದ ಪಾಠದಲ್ಲಿ ಹೊಸ ನೋಟು ಕೊಟ್ಟರೂ ತಪ್ಪು ಹೇಳತೊಡಗಿದಳು. ಮುಟ್ಟುವ ಮೊದಲೇ ಊಹೆ ಮಾಡುತ್ತಿದ್ದಳು. ಒಂದು ದಿನ ನೋಟುಗಳನ್ನು ನನ್ನ ಕಡೆ ಸರಿಸಿ, "ನನ್ನ ಬೆರಳ ಸತ್ತಾವ್ರಿ ಅಣ್ಣಾರ. ನಿಮಗ್ಯಾಕ ತ್ರಾಸ" ಎಂದಳು. ಅವಳ ಬೆರಳು ಸರಿ ಇದ್ದವು, ನೋಟು ಸರಿ ಇರಲಿಲ್ಲ. ಅದನ್ನು ಅವಳಿಗೆ ತೋರಿಸಿಕೊಡುವುದು ಹೇಗೆ ಎಂದು ಯೋಚಿಸುತ್ತ ಮನೆಗೆ ಬಂದೆ.

ತಮ್ಮನ ಸಾಮಾನಿನಲ್ಲಿ ಒಂದು ಬಿಸ್ಕೀಟಿನ ಡಬ್ಬಿ ಇತ್ತು. ಹೋದ ಬಂದರುಗಳ ಸಣ್ಣ ಬೆಲೆಯ ನೋಟು, ನಾಣ್ಯಗಳನ್ನು ಅವನು ಅದರಲ್ಲಿ ಹಾಕಿಡುತ್ತಿದ್ದ. ಪ್ರತಿ ದೇಶದ್ದಕ್ಕೂ ಒಂದು ಕಾಗದದ ಚೂರಿನ ಮೇಲೆ ಹೆಸರು ಬರೆದು ದಾರದಿಂದ ಕಟ್ಟಿದ್ದ. ರಜೆಗೆ ಬಂದಾಗ ಅವನ್ನು ಹರವಿಕೊಂಡು ಒಂದೊಂದರ ಬಗ್ಗೆ ಹೇಳುತ್ತಿದ್ದ. ನಾನು ಅರ್ಧ ಕೇಳುತ್ತಿದ್ದೆ. ಡಬ್ಬಿ ಬಂದ ಮೇಲೆ ಯಾರೂ ತೆರೆದಿರಲಿಲ್ಲ. ನಾನು ಅದನ್ನು ಸ್ಕೂಟರಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋದೆ. ತಿರ್ಲಾಪುರದಲ್ಲೇ ಮೊದಲ ಸಲ ಮುಚ್ಚಳ ತೆಗೆದದ್ದು. ಏನೂ ಅನ್ನಿಸಲಿಲ್ಲ. ಅವನ ಅಕ್ಷರ ಮಾತ್ರ ಅಗದಿ ಸಾಫ್ ಇತ್ತು.

ಮೊದಲು ಆಸ್ಟ್ರೇಲಿಯಾದ ಮೂರು ನೋಟು ಕೊಟ್ಟೆ. ಕಾಗದವಲ್ಲ, ಪ್ಲಾಸ್ಟಿಕ್. ಅವಳು ಅಂಗೈಗೆ ಹಚ್ಚಿ ಅಳೆಯಲು ಹೋದಳು. ಅಳೆಯಬೇಡ, ಉದ್ದನೆಯ ಅಂಚಿನ ಮೇಲೆ ಬೆರಳು ಆಡಿಸು ಎಂದೆ. ಒಂದರ ಅಂಚಿನಲ್ಲಿ ಒಂದು ಉಬ್ಬು, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಮೂರು. ಐದು, ಹತ್ತು, ಇಪ್ಪತ್ತು. ಅವಳು ಮೂರನ್ನೂ ಕಲೆಸಿ ತಾನೇ ಮತ್ತೆ ಹಚ್ಚಿಟ್ಟಳು. ಕಲಿಸಲು ಎರಡು ನಿಮಿಷವೂ ಹಿಡಿಯಲಿಲ್ಲ.

"ಇವನ್ನ ಕುರುಡರ ಸಲುವಾಗೇ ಮಾಡ್ಯಾರೇನ್ರಿ?"

ಎಲ್ಲರ ಸಲುವಾಗಿ ಮಾಡಿದ್ದಾರೆ, ನಿಮ್ಮನ್ನು ಬಿಟ್ಟಿಲ್ಲ ಅಷ್ಟೇ ಎಂದೆ. ಯೂರೋಪಿನವು ಬೆಲೆ ಹೆಚ್ಚಿದಂತೆ ಉದ್ದಕ್ಕೂ ಅಗಲಕ್ಕೂ ಬೆಳೆಯುತ್ತವೆ. ಐದರ ಮೇಲೆ ಹತ್ತನ್ನಿಟ್ಟರೆ ಎರಡೂ ಬದಿ ಹೊರಗೆ ಉಳಿಯುತ್ತದೆ. ಅದನ್ನೂ ಹಿಡಿದಳು. ಆಮೇಲೆ ಅಮೆರಿಕದ ಒಂದು, ಐದು, ಹತ್ತು ಕೊಟ್ಟೆ. ಬಹಳ ಹೊತ್ತು ಮುಟ್ಟಿದಳು, ಮೂಸಿದಳು, ಒಂದರ ಮೇಲೊಂದಿಟ್ಟಳು. ಮೂರೂ ಒಂದೇ ಅಳತೆ. ಬರೀ ಕೈಗೆ ಸಿಗುವಂಥ ಗುರುತು ಏನೂ ಇಲ್ಲ. ಅಲ್ಲಿ ಕಣ್ಣು ಕಾಣದವರು ಒಂದೊಂದು ಬೆಲೆಯ ನೋಟನ್ನು ಒಂದೊಂದು ರೀತಿ ಮಡಿಸಿ ಇಟ್ಟುಕೊಳ್ಳುತ್ತಾರೆ ಎಂದು ತಮ್ಮ ಹೇಳಿದ್ದ. ಅದನ್ನು ಹೇಳಿದೆ. ಅವಳು ಬಹಳ ದಿನದ ಮೇಲೆ ನಕ್ಕಳು. "ಅಷ್ಟ್ ದೊಡ್ಡ ದೇಶದಾಗೂ ನಮ್ಮಂತಾಕಿ ಒಬ್ಬಾಕಿ ಗಲ್ಲಾದಾಗ ಕುಂತ ಬೈಸ್ಕೋತಿರ್ತಾಳ ಹಂಗಾರ."

ಇಷ್ಟೊಂದು ಯಾರು ತಂದದ್ದು ಎಂದು ಕೇಳಿದಳು.

"ನನ್ನ ತಮ್ಮ. ಹಡಗಿನ್ಯಾಗ ಅಡಗಿ ಮಾಡ್ತಾನ" ಎಂದೆ.

ಮಾಡ್ತಾನ ಎಂದೇ ಬಾಯಿಂದ ಬಂತು. ತಿದ್ದಬಹುದಿತ್ತು. ತಿದ್ದಲಿಲ್ಲ. ಅಲ್ಲಿಂದ ಮುಂದೆ ಅವಳು ದಿನಾ ಅವನನ್ನು ಕೇಳತೊಡಗಿದಳು. ಈಗ ಯಾವ ಊರಲ್ಲಿದ್ದಾರೆ, ಹಡಗಿನಲ್ಲಿ ರೊಟ್ಟಿ ಬಡಿಯುತ್ತಾರೋ ಇಲ್ಲವೋ, ಮುಂದಿನ ಸಲ ಯಾವಾಗ ಬರುತ್ತಾರೆ. ನಾನು ಏನೋ ಒಂದು ಹೇಳುತ್ತಿದ್ದೆ. ಆ ಒಂದು ತಾಸಿನ ಮಟ್ಟಿಗೆ ಅವನು ಯಾವುದೋ ಸಮುದ್ರದ ಮೇಲೆ ಇರುತ್ತಿದ್ದ. ಅದರಿಂದ ನನಗೆ ಸಮಾಧಾನ ಆಗುತ್ತಿತ್ತು ಎಂದು ಹೇಳಲಾರೆ. ಹೇಳುವುದು ಸುಲಭವಾಗಿತ್ತು, ಅಷ್ಟೇ.

ನಾಲ್ಕನೆಯ ವಾರ ನಾಣ್ಯಗಳಿಗೆ ಬಂದೆವು. ಡಬ್ಬಿಯನ್ನು ಪೂರ್ತಿ ಅವಳ ಮುಂದೆ ತಟ್ಟೆಗೆ ಸುರಿದೆ. ಜಪಾನಿನ ಐದು ಮತ್ತು ಐವತ್ತರ ನಾಣ್ಯಗಳಿಗೆ ನಡುವೆ ತೂತು ಇದೆ. ಎರಡೂ ಹೆಚ್ಚುಕಮ್ಮಿ ಒಂದೇ ಗಾತ್ರ, ಆದರೆ ಒಂದರ ಬದಿ ನುಣುಪು, ಇನ್ನೊಂದರದು ಗೀರುಗೀರು. ಬ್ರಿಟನ್ನಿನ ಐವತ್ತರದಕ್ಕೆ ಏಳು ಮೂಲೆ. ಅಲ್ಲೆಲ್ಲ ನಮ್ಮ ಹತ್ತು, ಇಪ್ಪತ್ತರಂಥ ಸಣ್ಣ ಖರ್ಚಿನ ಹಣ ನಾಣ್ಯವೇ, ನೋಟು ಶುರುವಾಗುವುದು ಅದರ ಮೇಲೆ. ನಾಣ್ಯ ಸವೆಯುವುದಿಲ್ಲ ಎಂದು ಹಾಗೆ ಮಾಡಿದ್ದಾರೆ. ಅವಳು ಒಂದೊಂದನ್ನೇ ಎತ್ತಿ ಬದಿ, ಮೂಲೆ, ತೂಕ ನೋಡಿ ವಿಂಗಡಿಸುತ್ತಿದ್ದಳು. ಬೆರಳಿಗೆ ಮತ್ತೆ ಜೀವ ಬಂದಿತ್ತು. ಕೊನೆಗೆ ಒಂದೇ ತರದ ಮೂರು ನಾಣ್ಯ ಉಳಿದವು. ಅದರ ಮೇಲೆ ಉಗುರು ಆಡಿಸಿ, "ಇದು ಬ್ಯಾರೆನ ಐತ್ರಿ. ಸುತ್ತ ಒಂದು ಬಳಿ, ನಡುವ ಒಂದು ಬಿಲ್ಲಿ. ದೊಡ್ಡದೈತಿ, ವಜ್ಜಾನೂ ಐತಿ. ಇದನ್ನ ಕತ್ತಲ್ಯಾಗ ಒಗದ್ರೂ ಹುಡುಕ್ತೇನಿ. ಇದು ಯಾವ ದೇಶದ್ದು?" ಎಂದಳು.

ನಾನು ಬಗ್ಗಿ ನೋಡಿದೆ. ಅದು ನಮ್ಮ ಹತ್ತು ರೂಪಾಯಿ ನಾಣ್ಯ.

ನಮ್ಮ ಕಡೆ ಹತ್ತರ ನಾಣ್ಯವನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಯಾವಾಗ ಶುರುವಾಯಿತೋ ಗೊತ್ತಿಲ್ಲ. ಅದು ಹಲವಾರು ನಮೂನೆಯಲ್ಲಿ ಬಂತು. ಕೆಲವಕ್ಕೆ ಹತ್ತು ಗೆರೆ, ಕೆಲವಕ್ಕೆ ಹದಿನೈದು, ಕೆಲವಕ್ಕೆ ರೂಪಾಯಿಯ ಚಿಹ್ನೆ ಇದೆ, ಕೆಲವಕ್ಕಿಲ್ಲ. ಯಾವುದೋ ಒಂದು ಖೋಟಾ ಎಂದು ಯಾರೋ ಅಂದರು, ಎಲ್ಲವೂ ನಿಂತವು. ಅಂಗಡಿಯಲ್ಲಿ ನಡೆಯುವುದಿಲ್ಲ, ಬಸ್ಸಿನಲ್ಲಿ ನಡೆಯುವುದಿಲ್ಲ, ಗಿರಣಿಯಲ್ಲಿ ನಡೆಯುವುದಿಲ್ಲ. ಬೇರೆ ಕಡೆ ಹೋದಾಗ ಚಿಲ್ಲರೆಯಲ್ಲಿ ಬಂದರೆ ಜನ ತಂದು ದೇವರ ಜಗಲಿಯ ಮೇಲೆ ಇಡುತ್ತಾರೆ. ತಮ್ಮ ಮುಂಬೈಯಿಂದ ಬರುವಾಗ ಸಿಕ್ಕ ಮೂರನ್ನು ಪರದೇಶದ ರೊಕ್ಕದ ಡಬ್ಬಿಗೆ ಹಾಕಿಬಿಟ್ಟಿದ್ದ. ಅದಕ್ಕೆ ಚೀಟಿಯನ್ನೂ ಕಟ್ಟಿರಲಿಲ್ಲ.

"ಇದು ನಮ್ಮದ" ಎಂದೆ. "ಹತ್ತರದ್ದು."

ಅವಳು ಅದನ್ನು ಕೈಯಲ್ಲೇ ಹಿಡಿದು ಇದು ಖರೇನ ಖೋಟಾ ಏನು ಎಂದು ಕೇಳಿದಳು. ಅಲ್ಲ ಎಂದೆ. ಬ್ಯಾಂಕಿನವರು ತೆಗೆದುಕೊಳ್ಳುತ್ತಾರೇನು ಎಂದಳು. ತೆಗೆದುಕೊಳ್ಳಲೇಬೇಕು ಎಂದೆ. "ಹಂಗಾರ ನಮ್ಮಂಗಡ್ಯಾಗ ನಡಸೂಣು. ಚಾನೂ ಹತ್ತ, ಇದೂ ಹತ್ತ."

ನನಗೆ ಕೊಟ್ಟ ಕೆಲಸ ನೋಟು ಗುರುತಿಸುವುದನ್ನು ಕಲಿಸುವುದು. ಅದನ್ನು ಅಲ್ಲಿಗೆ ಬಿಟ್ಟೆ. ಬೆರಳನ್ನು ನೋಟಿಗೆ ಹೊಂದಿಸುವುದಲ್ಲ, ಬೆರಳಿಗೆ ಹೊಂದುವ ಹಣವನ್ನು ಅಂಗಡಿಗೆ ತರಬೇಕು ಎಂದು ಆ ದಿನ ಇಬ್ಬರೂ ನಿರ್ಧರಿಸಿದೆವು.

ನವಲಗುಂದದ ಬ್ಯಾಂಕಿನಲ್ಲಿ ಹತ್ತರ ನಾಣ್ಯ ಬೇಕು ಎಂದಾಗ ಕ್ಯಾಶಿಯರ್ ನನ್ನ ಮುಖ ನೋಡಿದರು. ಅವರ ಹತ್ತಿರ ಮೂಲೆಯಲ್ಲಿ ಚೀಲಗಟ್ಟಲೆ ಬಿದ್ದಿದ್ದವು. "ಕೊಡಾಕ ಬಂದವ್ರನ್ನ ಭಾಳ ಮಂದಿ ನೋಡೇನ್ರಿ. ಕೇಳಾಕ ಬಂದವ್ರು ನೀವ ಮೊದಲು" ಎಂದರು. ಮರಳಿ ತಂದರೆ ತೆಗೆದುಕೊಳ್ಳುತ್ತೇವೆ ಎಂದು ಬರೆದು ಕೊಡಿ ಎಂದೆ. ಎಲ್ಲ ನಮೂನೆಯ ಹತ್ತರ ನಾಣ್ಯವೂ ಚಲಾವಣೆಯಲ್ಲಿದೆ ಎಂಬ ಅಚ್ಚಾದ ಪ್ರಕಟಣೆಗೆ ಮುದ್ರೆ ಒತ್ತಿ ಕೊಟ್ಟರು. ಹನ್ನೆರಡು ಮೂಲೆಯ ಇಪ್ಪತ್ತರ ನಾಣ್ಯವನ್ನೂ ಸ್ವಲ್ಪ ಕೊಟ್ಟರು. ಹತ್ತರದು ದುಂಡು, ಇಪ್ಪತ್ತರದು ಮೂಲೆ. ಕಲಿಸಲು ಏನೂ ಉಳಿದಿರಲಿಲ್ಲ.

ಗಲ್ಲಾ ಹೀಗೆ ಮಾಡಿದೆವು. ಎಡಕ್ಕೆ ಎರಡು ಸ್ಟೀಲ್ ಬಟ್ಟಲು, ಒಂದು ಹತ್ತರದು, ಒಂದು ಇಪ್ಪತ್ತರದು. ನಡುವೆ ಒಂದು, ಎರಡು, ಐದರ ಚಿಲ್ಲರೆ. ಅದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಬಲಕ್ಕೆ ಮುಚ್ಚಳದಲ್ಲಿ ಸೀಳಿರುವ ಡಬ್ಬಿ. ನೋಟು ಕೊಡುವವರು ಎಷ್ಟರದೆಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿ ಅದರಲ್ಲಿ ತಾವೇ ಹಾಕಬೇಕು. ಸಾಲಿನಲ್ಲಿ ಹಿಂದೆ ನಿಂತವರಿಗೆ ಕಣ್ಣು ಇರುತ್ತದೆ, ಅದು ಸಾಕು. ಚಿಲ್ಲರೆ ಕೊಡುವುದು ನಾಣ್ಯದಲ್ಲೇ.

ಮೊದಲ ಮೂರು ದಿನ ಬೈಗುಳವೇ ಬೈಗುಳ. ಹೆಂಗಸರು ನಾಣ್ಯ ನೋಡಿದ ಕೂಡಲೇ ಹಲಗೆಗೆ ತಿರುಗಿ ಇಡುತ್ತಿದ್ದರು. ನಡಿಯಂಗಿಲ್ಲಬೇ, ನೋಟ ಕೊಡು. ಅವಳು ಒಂದೇ ಮಾತು ಹೇಳುತ್ತಿದ್ದಳು: "ನಾಳೆ ಇಲ್ಲೇ ತಂದ ಕೊಡ್ರಿ, ಚಾ ಕೊಡ್ತೇನಿ. ಎಲ್ಲೂ ನಡೀಲಿಲ್ಲಂದ್ರ ನನ್ನ ಹಂತ್ಯಾಕ ನಡೀತೈತಿ." ಬ್ಯಾಂಕಿನ ಕಾಗದ ಹಿಂದೆ ಅಂಟಿಸಿದ್ದೆವು, ಅದನ್ನು ಯಾರೂ ಓದಲಿಲ್ಲ. ಮರುದಿನ ಮೂವರು ನಾಣ್ಯ ತಂದರು, ಚಹಾ ಸಿಕ್ಕಿತು. ಅದರ ಮರುದಿನ ಹೆಚ್ಚು ಜನ ತಂದರು. ಟೆಂಪೋ ಚಾಲಕ ತನ್ನ ಬಾಡಿಗೆಗೆ ಅದನ್ನು ಮುಟ್ಟುವುದಿಲ್ಲ ಎನ್ನುತ್ತಿದ್ದ. ಆದರೆ ಅವನು ದಿನಕ್ಕೆ ನಾಲ್ಕು ಸಲ ಅಲ್ಲೇ ಚಹಾ ಕುಡಿಯುವವನು. ನಾಣ್ಯ ಶುರುವಾದ ಎರಡನೆಯ ವಾರದಲ್ಲಿ ಅವನೂ ತೆಗೆದುಕೊಂಡ. ಆಮೇಲೆ ಹಿಟ್ಟಿನ ಗಿರಣಿಯವನು. ಮನೆಮನೆಯ ಜಗಲಿಯ ಮೇಲೆ, ಗಡಿಗೆಯ ತಳದಲ್ಲಿ ಬಿದ್ದಿದ್ದ ನಾಣ್ಯಗಳು ಹೊರಗೆ ಬಂದವು.

ಆರನೆಯ ವಾರದಲ್ಲಿ ಅದು ಅತಿಯಾಯಿತು. ಸುತ್ತಲಿನ ಊರಿನವರು ಕೈಚೀಲದಲ್ಲಿ ತಂದು, ಒಂದು ಬಿಸ್ಕೀಟು ತೆಗೆದುಕೊಂಡು, ಉಳಿದದ್ದಕ್ಕೆ ನೋಟು ಕೊಡು ಎನ್ನತೊಡಗಿದರು. ಬಟ್ಟಲು ತುಂಬಿ ಬಕೀಟಿಗೆ ಬಂತು. ಮೈದುನ ಬಾಗಿಲಿಗೆ ಒರಗಿ, "ಇದ ಅಂಗಡಿ ಅಲ್ಲ, ಹುಂಡಿ ಆಗೇತಿ. ಊದಿನಕಡ್ಡಿ ಹಚ್ಚೂದ ಒಂದ ಉಳದೈತಿ ನೋಡ್ರಿ" ಎಂದ. ನನಗೂ ತಪ್ಪು ಮಾಡಿದೆನೇನೋ ಅನ್ನಿಸಿತು. ಸಾಮಾನು ತರುವ ದೊಡ್ಡ ಅಂಗಡಿಯವರು ನಾಣ್ಯ ಒಲ್ಲೆ ಎಂದಿದ್ದರು. ಬ್ಯಾಂಕಿಗೆ ಒಯ್ಯುವುದೊಂದೇ ದಾರಿ. ಅವಳು ತಾನೇ ಹೋಗುತ್ತೇನೆ ಎಂದಳು. ಅತ್ತೆ ಬೇಡ ಎಂದು ಗದರಿ, ಎರಡು ಚೀಲ ಸೊಂಟದ ಮೇಲೆ ಹೊತ್ತು ತಾನೇ ನವಲಗುಂದದ ಬಸ್ ಹತ್ತಿದಳು. ಇವತ್ತಿಗೆ ಇದು ಮುಗಿಯಿತು ಎಂದೇ ನಾನು ತಿಳಿದೆ.

ಅತ್ತೆ ತಿರುಗಿ ಬಂದದ್ದು ಮಧ್ಯಾಹ್ನ ಮೂರಕ್ಕೆ. ನಾನು ಅಲ್ಲೇ ಇದ್ದೆ. ಚೀಲ ಖಾಲಿ ಇದ್ದವು, ಬ್ಯಾಂಕಿನವರು ತಕರಾರಿಲ್ಲದೆ ತೆಗೆದುಕೊಂಡಿದ್ದರು. ಆದರೆ ಅವಳ ಮುಖ ಕೆಂಪಾಗಿತ್ತು. ಹೆಂಗಸರಿಗೆ ಟಿಕೆಟಿಗೆ ರೊಕ್ಕ ಬೇಡ, ಆದರೆ ಜೊತೆಗೆ ತಂದಿದ್ದ ಬೆಲ್ಲದ ಡಬ್ಬಿಗೆ ಕಂಡಕ್ಟರ್ ಲಗೇಜು ಕೇಳಿದ್ದ. ಅವಳು ಸಂಚಿಯಲ್ಲಿ ಉಳಿಸಿಕೊಂಡಿದ್ದ ಹತ್ತರ ನಾಣ್ಯ ಎರಡು ಕೊಟ್ಟಳು. ನಡೆಯುವುದಿಲ್ಲ ಎಂದ. ಅವಳು ಬೇರೆ ಕೊಡಲಿಲ್ಲ. ಇಳಿಯಲೂ ಇಲ್ಲ. ಬಸ್ಸಿನ ತುಂಬ ಜಗಳವಾಗಿತ್ತು. ತಾನು ಅಂದದ್ದನ್ನು ಅವಳು ಸೊಸೆಯ ಮುಂದೆ ನಿಂತು ಹಾಗೆಯೇ ಮತ್ತೆ ಅಂದು ತೋರಿಸಿದಳು.

"ಕಣ್ಣ ಇಲ್ದಾಕಿ ನಮ್ಮ ಸೊಸಿ, ಬೆರಳಿಂದ ಗುರ್ತ ಹಿಡದ ತಗೋತಾಳ. ನಿನಗ ಎರಡ ಕಣ್ಣ ಅದಾವ, ಮ್ಯಾಲ ಒಂದ ಚಷ್ಮಾ ಐತಿ. ನಿನಗೇನಾಗೇತಿ ಧಾಡಿ, ಅಂದ್ನಿ."

ಸೊಸೆ ಕೇಳಿದಳು: "ತಗೊಂಡ್ನೇನ್ರಿ?"

"ತಗೋಳಾರದ ಎಲ್ಲಿ ಹೋಗ್ತಾನ."

ಏಳನೆಯ ವಾರ ಹತ್ತಿ ಮುಗಿಯುತ್ತ ಬಂದಿತ್ತು. ಅತ್ತೆ ಸಣ್ಣ ಮಗನಿಗೆ ಗಲ್ಲಾದ ಮಾತು ಇನ್ನು ತೆಗೆಯಬೇಡ ಎಂದು ಹೇಳಿದಳಂತೆ. ನನ್ನ ಮುಂದೆ ಆದದ್ದಲ್ಲ. ನನಗೆ ಹೇಳಿದ್ದು ಇಷ್ಟೇ, ಆ ಕೂಗುವ ಪೆಟ್ಟಿಗೆಗೂ ಇಕಿ ಹೆಸರಿನ ಖಾತೆ ಮಾಡಿಸು ತಮ್ಮಾ, ಅರ್ಜಿ ತುಂಬಿ ಕೊಡು. ತುಂಬಿದೆ. ಅವಳ ಹೆಬ್ಬೆರಳಿನ ಗುರುತು ಒತ್ತಿಸಲು ಹೋದೆ. ಸಹಿ ಮಾಡುತ್ತೇನೆ, ಜಾಗ ತೋರಿಸಿ ಎಂದಳು. ಸಹಿ ಗೆರೆ ಬಿಟ್ಟು ಮೇಲೆ ಹೋಯಿತು. ಬ್ಯಾಂಕಿನವರು ನಡೆಯುತ್ತದೆ ಎಂದರು.

ಕಚೇರಿಯ ನಮೂನೆಯಲ್ಲಿ ಫಲಾನುಭವಿ ನೋಟುಗಳನ್ನು ಸ್ಪರ್ಶದಿಂದ ಗುರುತಿಸುತ್ತಾರೆಯೇ ಎಂಬ ಪ್ರಶ್ನೆಗೆ ಇಲ್ಲ ಎಂದು ಬರೆದೆ. ಹಳೆಯ ಹತ್ತಕ್ಕೂ ಹೊಸ ಐವತ್ತಕ್ಕೂ ಅವಳು ಈಗಲೂ ತಪ್ಪುತ್ತಾಳೆ. ಮೇಲಿನವರು ಫೋನ್ ಮಾಡಿ ಏಳು ವಾರ ಏನು ಮಾಡಿದಿರಿ ಎಂದರು. ಹೌದು ಎಂದು ತಿದ್ದಲು ಹೇಳಿದರು. ನಾನು ತಿದ್ದಲಿಲ್ಲ. ಅವರೇ ತಿದ್ದಿಕೊಂಡಿರಬಹುದು.

ಕೊನೆಯ ದಿನ ಬೆಳಿಗ್ಗೆಯೇ ಹೋದೆ. ಟೆಂಪೋ ಬರುವುದಕ್ಕೆ ಇನ್ನೂ ಹೊತ್ತಿತ್ತು. ಅವಳು ಗಲ್ಲಾದ ಕೆಳಗಿನಿಂದ ಒಂದು ಪೊಟ್ಟಣ ತೆಗೆದು ಹಲಗೆಯ ಮೇಲೆ ಇಟ್ಟಳು. ಶೇಂಗಾದ ಉಂಡಿ. ಎಣ್ಣೆ ಕಾಗದದಲ್ಲಿ ಸುತ್ತಿ ಮೇಲೆ ಪೇಪರು ಸುತ್ತಿದ್ದಳು.

"ನಿಮ್ಮ ತಮ್ಮಗ್ರಿ. ಭಾಳ ದಿನ ಇರ್ತಾವ, ಹಡಗಿನ್ಯಾಗ ಕೆಡಂಗಿಲ್ಲ. ಅವ್ರ ಆ ಮೂರು ಹತ್ತರದ್ದು ಇಟ್ಟಿರಲಿಲ್ಲಂದ್ರ ನಾ ಇವತ್ತ ಒಲಿ ಮುಂದ ಇರ್ತಿದ್ದೆ. ಬಂದಾಗ ಕೊಡ್ರಿ."

ನಾನು ಪೊಟ್ಟಣ ತೆಗೆದುಕೊಂಡೆ. ಮತ್ತೆ ಹಲಗೆಯ ಮೇಲೆ ಇಟ್ಟೆ.

"ಅಂವ ಇಲ್ಲ ತಂಗಿ. ತೀರಿಕೊಂಡಾನ. ಐದು ತಿಂಗಳಾತು."

ಅವಳು ನನ್ನ ದನಿ ಬಂದ ಕಡೆ ಮುಖ ಮಾಡಿ ನಿಂತಳು. ಹಾಗಾದರೆ ಇಷ್ಟು ದಿನ ಹೇಳಿದ್ದೇನು ಎಂದು ಕೇಳಬಹುದು ಅಂದುಕೊಂಡೆ. ಕೇಳಲಿಲ್ಲ. ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ನಾಣ್ಯ ಇಟ್ಟಳು. ಅವಳು ಅದರ ಬದಿಯ ಮೇಲೆ ಬೆರಳು ಆಡಿಸಿ ಬಟ್ಟಲಿಗೆ ಹಾಕಿದಳು, ಚಹಾ ಸುರಿದು ಕೊಟ್ಟಳು. ಹೆಂಗಸು ಲೋಟ ಹಿಡಿದು ಆಚೆ ಹೋದಳು. ಅವಳು ಇನ್ನೊಂದು ಲೋಟ ತುಂಬಿ ನನ್ನ ಮುಂದೆ ಸರಿಸಿದಳು.

"ಹೆಸರೇನಿತ್ರಿ ಅವರದು?" ಎಂದು ಕೇಳಿದಳು.

ಹೇಳಿದೆ. ಮನೆಯಲ್ಲಿ ಆ ಹೆಸರನ್ನು ಯಾರೂ ತೆಗೆಯುತ್ತಿರಲಿಲ್ಲ. ಅವಳು ಅದನ್ನು ಒಮ್ಮೆ ಮೆಲ್ಲಗೆ ತಿರುಗಿ ಅಂದಳು, ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ನೋಡುವವಳ ಹಾಗೆ. ಸರಿಯಾಗಿಯೇ ಅಂದಿದ್ದಳು.